ಭೂಮಿ ತಿರುಗುವುದನ್ನು ನೋಡಲು ಬನ್ನಿ

ಭೂಮಿಯು ತನ್ನ ಅಕ್ಷದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಈ ವಾಕ್ಯವನ್ನು ನಾನು ಪ್ರಾಥಮಿಕ ಶಾಲೆಯಲ್ಲಿ ಬಾಯಿಪಾಠ ಮಾಡಿದೆ, ಹೈಸ್ಕೂಲಿನಲ್ಲಿ ಎರಡು ಅಂಕಕ್ಕೆ ಬರೆದೆ, ಬಿ.ಎಸ್ಸಿ. ಮುಗಿದ ಮೇಲೆ ಟ್ಯೂಷನ್ ಮಕ್ಕಳಿಗೆ ಹೇಳಿಕೊಟ್ಟೆ. ಒಮ್ಮೆ ನಮ್ಮಜ್ಜಿ, "ತಿರುಗೋದೇ ಆಗಿದ್ರೆ ಬಾವಿ ನೀರು ಚೆಲ್ಲಬೇಕಿತ್ತಲ್ಲೇ?" ಎಂದು ಕೇಳಿದಾಗ ನಕ್ಕುಬಿಟ್ಟಿದ್ದೆ. ನಗಬಾರದಿತ್ತು. ಅಜ್ಜಿಯ ಪ್ರಶ್ನೆಗೆ ಒಂದೂವರೆ ಸಾವಿರ ವರ್ಷಗಳ ವಂಶಾವಳಿ ಇದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಕ್ರಿ.ಶ. 499ರ ಸುಮಾರಿಗೆ ರಚನೆಯಾದ 'ಆರ್ಯಭಟೀಯ'ದಲ್ಲಿ ಆರ್ಯಭಟ ದೋಣಿಯ ಹೋಲಿಕೆಯೊಂದನ್ನು ಕೊಡುತ್ತಾನೆ. ಮುಂದಕ್ಕೆ ಸಾಗುವ ದೋಣಿಯಲ್ಲಿ ಕೂತವನಿಗೆ ದಡದ ಮರಗಳು ಹಿಂದಕ್ಕೆ ಹೋದಂತೆ ಕಾಣುತ್ತವೆ. ಹಾಗೆಯೇ ತಿರುಗುವ ಭೂಮಿಯ ಮೇಲಿರುವ ನಮಗೆ ನಿಶ್ಚಲ ನಕ್ಷತ್ರಗಳು ಪಶ್ಚಿಮಕ್ಕೆ ಸರಿದಂತೆ ಕಾಣುತ್ತವೆ ಎಂಬುದು ಅವನ ವಾದ. ಮುಂದಿನ ಶತಮಾನದ ವರಾಹಮಿಹಿರ ಇದನ್ನು ಒಪ್ಪಲಿಲ್ಲ. ಭೂಮಿ ತಿರುಗುವುದಾದರೆ ಗೂಡು ಬಿಟ್ಟು ಹಾರಿದ ಹಕ್ಕಿ ಮತ್ತೆ ಗೂಡಿಗೆ ಮರಳುವುದು ಹೇಗೆ ಎಂದು ಕೇಳಿದ. ಬ್ರಹ್ಮಗುಪ್ತನೂ ಆಕ್ಷೇಪಿಸಿದ. ಇವರಾರೂ ದಡ್ಡರಲ್ಲ. ದೋಣಿಯ ಹೋಲಿಕೆಯಲ್ಲಿಯೇ ಒಂದು ತೊಡಕಿದೆ: ಚಲನೆ ನಮಗೆ ಏಕೆ ತಿಳಿಯುವುದಿಲ್ಲ ಎಂಬುದನ್ನು ಅದು ವಿವರಿಸುತ್ತದೆ, ಆದರೆ ಚಲನೆ ಇದೆ ಎಂಬುದನ್ನು ಸಾಬೀತು ಮಾಡುವುದಿಲ್ಲ. ದೋಣಿ ಚಲಿಸಿದರೂ ದಡ ಚಲಿಸಿದರೂ ಕಣ್ಣಿಗೆ ಕಾಣುವುದು ಒಂದೇ. ಹಾಗಾದರೆ ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂತು, ಆಕಾಶದತ್ತ ನೋಡದೆಯೇ, ನಮ್ಮ ಕಾಲ ಕೆಳಗಿನ ನೆಲ ತಿರುಗುತ್ತಿದೆಯೆಂದು ತಿಳಿಯಲು ಸಾಧ್ಯವೆ?

ಸಾಧ್ಯ ಎಂದು ತೋರಿಸಿದ್ದು 1851ರ ಜನವರಿಯಲ್ಲಿ, ಪ್ಯಾರಿಸ್ಸಿನ ಒಂದು ಮನೆಯ ನೆಲಮಾಳಿಗೆಯಲ್ಲಿ. ತೋರಿಸಿದವನು ಲಿಯೋನ್ ಫೂಕೋ. ಹತ್ತೊಂಬತ್ತನೆಯ ಶತಮಾನದ ಸಾರ್ವಜನಿಕ ವಿಜ್ಞಾನ ಪ್ರದರ್ಶನಗಳ ಬಗ್ಗೆ ನಾನು ಬರೆಯುತ್ತಿರುವ ಪಿಎಚ್.ಡಿ. ಪ್ರಬಂಧದಲ್ಲಿ ಒಂದು ಅಧ್ಯಾಯ ಪೂರ್ತಿ ಇವನದು. ಎರಡು ವರ್ಷ ಇವನ ಜೊತೆ ಕಳೆದ ಮೇಲೆ ಇವನ ಮೇಲೆ ಒಂದು ಬಗೆಯ ಅಕ್ಕರೆ ಬೆಳೆದಿದೆ ಎಂದು ಒಪ್ಪಿಕೊಂಡುಬಿಡುತ್ತೇನೆ.

ಫೂಕೋ 1819ರಲ್ಲಿ ಪ್ಯಾರಿಸ್ಸಿನ ಪ್ರಕಾಶಕನೊಬ್ಬನ ಮಗನಾಗಿ ಹುಟ್ಟಿದ. ವೈದ್ಯನಾಗಲು ಹೋಗಿ, ರಕ್ತ ಕಂಡರೆ ಆಗದೆ ಆ ಓದು ಬಿಟ್ಟ. ಆಗಷ್ಟೇ ಬಂದಿದ್ದ ಛಾಯಾಗ್ರಹಣದಲ್ಲಿ ಕೈ ಪಳಗಿಸಿಕೊಂಡ. 1845ರಲ್ಲಿ ಗೆಳೆಯ ಫಿಜೋ ಜೊತೆ ಸೇರಿ ಸೂರ್ಯನ ಫೋಟೋ ತೆಗೆದ. ಅದೇ ವರ್ಷದಿಂದ ಒಂದು ಪತ್ರಿಕೆಗೆ ವಿಜ್ಞಾನ ವರದಿಗಾರನಾದ. ವಿಜ್ಞಾನ ಅಕಾಡೆಮಿಯ ಸಭೆಗಳಲ್ಲಿ ಕೂತು, ಅಲ್ಲಿ ನಡೆದದ್ದನ್ನು ಜನರಿಗೆ ತಿಳಿಯುವಂತೆ ಬರೆಯುವುದು ಅವನ ಕೆಲಸ. ಕ್ರಮವಾದ ಗಣಿತ ಶಿಕ್ಷಣ ಇರಲಿಲ್ಲ. ಅಕಾಡೆಮಿಯ ಗಣಿತಜ್ಞರ ಕಣ್ಣಿಗೆ ಅವನು ಕೈಕೆಲಸ ಬಲ್ಲ ಹೊರಗಿನವನು.

ಆ ಕೈಕೆಲಸವೇ ಅವನಿಗೆ ದಾರಿ ತೋರಿಸಿತು. ಲೇತ್ ಯಂತ್ರಕ್ಕೆ ಸಿಕ್ಕಿಸಿದ್ದ ಉದ್ದನೆಯ ಉಕ್ಕಿನ ಸಲಾಕೆಯನ್ನು ಮೀಟಿದಾಗ ಅದು ಒಂದು ದಿಕ್ಕಿನಲ್ಲಿ ಕಂಪಿಸುತ್ತಿತ್ತು. ಲೇತನ್ನು ತಿರುಗಿಸಿದರೂ ಸಲಾಕೆಯ ಕಂಪನದ ದಿಕ್ಕು ಮಾತ್ರ ಬದಲಾಗಲಿಲ್ಲ. ಸಲಾಕೆಯ ಜಾಗದಲ್ಲಿ ಲೋಲಕ, ಲೇತಿನ ಜಾಗದಲ್ಲಿ ಭೂಮಿ ಎಂದುಕೊಂಡರೆ? ತಂತಿಗೆ ಕಟ್ಟಿದ ಗುಂಡೊಂದು ತನ್ನ ಸಮತಲವನ್ನು ಬಿಡದೆ ತೂಗುತ್ತದೆ. ಕೆಳಗಿನ ನೆಲ ಮೆಲ್ಲಗೆ ತಿರುಗುತ್ತದೆ. ನೆಲದ ಜೊತೆ ತಿರುಗುವ ನಮಗೆ ಲೋಲಕವೇ ತಿರುಗಿದಂತೆ ಕಾಣುತ್ತದೆ.

ಜನವರಿ 3ರಂದು ಎರಡು ಮೀಟರ್ ತಂತಿಗೆ ಐದು ಕಿಲೋ ಗುಂಡು ಕಟ್ಟಿ ತೂಗಿಬಿಟ್ಟ. ತಂತಿ ತುಂಡಾಯಿತು. ಐದು ದಿನದ ನಂತರ, ಜನವರಿ 8ರ ನಸುಕಿನ ಎರಡು ಗಂಟೆಗೆ, ಲೋಲಕ ಆಕಾಶದ ದೈನಂದಿನ ಚಲನೆಯ ದಿಕ್ಕಿನಲ್ಲೇ ಸರಿದಿದೆ ಎಂದು ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡ. ಗಲೀಲಿಯೋನ ಶಿಷ್ಯ ವಿವಿಯಾನಿ 1661ರಲ್ಲೇ ಲೋಲಕ ಹೀಗೆ ಪಕ್ಕಕ್ಕೆ ಸರಿಯುವುದನ್ನು ಕಂಡಿದ್ದ. ಆದರೆ ಅದನ್ನು ಭೂಮಿಯ ತಿರುಗುವಿಕೆಗೆ ಜೋಡಿಸಿರಲಿಲ್ಲ. ಮಹಾ ಗಣಿತಜ್ಞ ಪ್ವಾಸೋನ್ 1837ರಲ್ಲಿ ಇಂಥ ಪರಿಣಾಮ ಲೋಲಕದಲ್ಲಿ ಗಮನಕ್ಕೆ ಬಾರದಷ್ಟು ಚಿಕ್ಕದು ಎಂದು ತಳ್ಳಿಹಾಕಿದ್ದ. ಒಂದು ತೂಗಾಟಕ್ಕೆ ಅದು ಚಿಕ್ಕದೇ. ಆದರೆ ಸಾವಿರ ತೂಗಾಟಗಳ ಮೇಲೆ ಅದು ಕೂಡುತ್ತಾ ಹೋಗುತ್ತದೆ ಎಂಬುದನ್ನು ಕಾದು ನೋಡುವ ತಾಳ್ಮೆ ವರದಿಗಾರನಿಗಿತ್ತು.

ಫೆಬ್ರವರಿ 3ರಂದು ಪ್ಯಾರಿಸ್ ವೀಕ್ಷಣಾಲಯದ ಸಭಾಂಗಣದಲ್ಲಿ ಹನ್ನೊಂದು ಮೀಟರಿನ ಲೋಲಕ ತೂಗಿತು. ಅದಕ್ಕೆ ಮುನ್ನ ನಗರದ ವಿಜ್ಞಾನಿಗಳ ಮನೆಗೆ ಒಂದು ಆಹ್ವಾನ ಹೋಗಿತ್ತು: ಭೂಮಿ ತಿರುಗುವುದನ್ನು ನೋಡಲು ಬನ್ನಿ, ಎಂದು. ಮದುವೆಗೆ ಕರೆದಷ್ಟು ಸಲೀಸಾಗಿ. ಮುಂದಿನ ತಿಂಗಳು ಗಣರಾಜ್ಯದ ಅಧ್ಯಕ್ಷ ಲೂಯಿ ನೆಪೋಲಿಯನ್ನನ ಆಸಕ್ತಿಯಿಂದ ಲೋಲಕ ಪಾಂಥೆಯಾನ್ ಕಟ್ಟಡಕ್ಕೆ ಬಂತು. ಗುಮ್ಮಟದಿಂದ ಇಳಿಬಿಟ್ಟ 67 ಮೀಟರ್ ಉದ್ದದ ಉಕ್ಕಿನ ತಂತಿ, ತುದಿಯಲ್ಲಿ 28 ಕಿಲೋ ತೂಕದ ಗುಂಡು, ಗುಂಡಿನ ಕೆಳಗೆ ಒಂದು ಮೊನೆ. ಒಮ್ಮೆ ಹೋಗಿ ಬರಲು ಹದಿನಾರು ಸೆಕೆಂಡಿಗೂ ಹೆಚ್ಚು ಕಾಲ. ನೆಲದ ಮೇಲೆ ವೃತ್ತಾಕಾರದಲ್ಲಿ ಒದ್ದೆ ಮರಳಿನ ಸಣ್ಣ ದಿಬ್ಬ. ಪ್ರತಿ ಬಾರಿಯೂ ಮೊನೆ ಮರಳನ್ನು ಹಿಂದಿನ ಗುರುತಿನ ಪಕ್ಕಕ್ಕೆ ಎರಡು-ಮೂರು ಮಿಲಿಮೀಟರ್ ಸರಿದು ಕೊರೆಯುತ್ತಿತ್ತು. ಒಂದು ಗಂಟೆಗೆ ಹನ್ನೊಂದು ಡಿಗ್ರಿಗೂ ಸ್ವಲ್ಪ ಹೆಚ್ಚು. ಪ್ಯಾರಿಸ್ಸಿನ ಜನ ಕುಟುಂಬ ಸಮೇತ ಬಂದು ಕಟಕಟೆಗೆ ಒರಗಿ ನೋಡಿದರು.

ಗಂಟೆಗೆ ಹದಿನೈದು ಡಿಗ್ರಿ ಏಕಲ್ಲ, ಭೂಮಿ ಇಪ್ಪತ್ನಾಲ್ಕು ಗಂಟೆಗೆ ಒಂದು ಸುತ್ತು ಹಾಕುತ್ತದಲ್ಲ ಎಂದು ನೀವು ಕೇಳಬಹುದು. ರಾಗಿ ಬೀಸುವ ಕಲ್ಲಿನ ನಟ್ಟನಡುವೆ ಕೂತ ಇರುವೆಯನ್ನು ನೆನೆಯಿರಿ. ಕಲ್ಲು ಒಂದು ಸುತ್ತು ಬಂದರೆ ಇರುವೆಯೂ ಕೂತಲ್ಲೇ ಒಂದು ಸುತ್ತು ತಿರುಗುತ್ತದೆ. ಧ್ರುವದ ಮೇಲೆ ನಿಂತವರ ಸ್ಥಿತಿ ಅದು. ಈಗ ಬಂಡಿ ಚಕ್ರದ ಪಟ್ಟಿಯ ಮೇಲೆ ಕೂತ ಇರುವೆಯನ್ನು ನೆನೆಯಿರಿ. ಚಕ್ರದ ಜೊತೆ ಅದು ಮೇಲೆ ಕೆಳಗೆ ಹೋಗಿ ಬರುತ್ತದೆಯೇ ಹೊರತು ಎಡಕ್ಕೂ ಬಲಕ್ಕೂ ಹೊರಳುವುದಿಲ್ಲ. ಸಮಭಾಜಕದ ಮೇಲಿನವರ ಸ್ಥಿತಿ ಇದು. ಅಲ್ಲಿ ಲೋಲಕದ ಸಮತಲ ಸರಿಯುವುದೇ ಇಲ್ಲ. ನಡುವಿನ ಊರುಗಳಲ್ಲಿ ಹದಿನೈದು ಡಿಗ್ರಿಯನ್ನು ಅಕ್ಷಾಂಶದ ಸೈನ್‌ನಿಂದ ಗುಣಿಸಬೇಕು. ಗಣಿತಜ್ಞನಲ್ಲದ ಫೂಕೋ ಈ ನಿಯಮವನ್ನು ಸರಿಯಾಗಿಯೇ ಹೇಳಿದ. ಅಕಾಡೆಮಿಯವರು ಅದಕ್ಕೆ ಸಾಧನೆಗಳನ್ನು ಬರೆದದ್ದು ಆಮೇಲೆ.

ಈ ಸೂತ್ರ ಹಿಡಿದು ನಮ್ಮ ನಾಡಿನ ಲೆಕ್ಕ ಹಾಕುವುದು ನನಗೆ ಒಂದು ಆಟವಾಗಿತ್ತು. ಬೀದರಿನಲ್ಲಿ ಲೋಲಕ ಒಂದು ಸುತ್ತು ಮುಗಿಸಲು ಸುಮಾರು 78 ಗಂಟೆ ಬೇಕು. ಬೆಂಗಳೂರಿನಲ್ಲಿ ಸುಮಾರು 107. ಚಾಮರಾಜನಗರದಲ್ಲಿ ಸುಮಾರು 116. ಒಂದೇ ರಾಜ್ಯದ ಎರಡು ತುದಿಗಳ ನಡುವೆ ಒಂದೂವರೆ ದಿನದ ಅಂತರ! ದಕ್ಷಿಣಕ್ಕೆ ಇಳಿದಷ್ಟೂ ಭೂಮಿ ತನ್ನ ಗುಟ್ಟನ್ನು ಬಿಟ್ಟುಕೊಡಲು ಹಿಂಜರಿಯುತ್ತದೆ. ಇದನ್ನು ಕಾಗದದ ಮೇಲೆ ಬರೆಯುವುದು ಸುಲಭ. ಇದರ ಬೆಲೆ ಎಷ್ಟೆಂದು ನನಗೆ ಗೊತ್ತಾದದ್ದು ಆಮೇಲೆ.

ಇಷ್ಟಕ್ಕೂ 1851ರ ಹೊತ್ತಿಗೆ ಓದಿದವರಾರೂ ಭೂಮಿಯ ತಿರುಗುವಿಕೆಯನ್ನು ಸಂದೇಹಿಸುತ್ತಿರಲಿಲ್ಲ. 1831ರಲ್ಲಿ ಜರ್ಮನಿಯ ಫ್ರೈಬರ್ಗಿನ ಗಣಿಯಲ್ಲಿ ರೈಖ್ ಎಂಬಾತ ಸುಮಾರು 158 ಮೀಟರ್ ಆಳಕ್ಕೆ ಗುಂಡುಗಳನ್ನು ಬೀಳಿಸಿ, ಅವು ಸರಾಸರಿ 28 ಮಿಲಿಮೀಟರ್ ಪೂರ್ವಕ್ಕೆ ಸರಿದು ಬೀಳುವುದನ್ನು ಅಳೆದಿದ್ದ. ಪಂಡಿತರಿಗೆ ಅದು ಸಾಕಿತ್ತು. ಆದರೆ ಗಣಿಯೊಳಗೆ ಇಳಿದು ನೂರಾರು ಗುಂಡುಗಳ ಸರಾಸರಿ ತೆಗೆಯುವುದಕ್ಕೂ, ಭಾನುವಾರ ಮಗುವಿನ ಕೈ ಹಿಡಿದು ಬಂದು ಮರಳಿನ ಮೇಲಿನ ಗೀರು ನೋಡುವುದಕ್ಕೂ ವ್ಯತ್ಯಾಸವಿದೆ. ಪಂಡಿತರಿಗೆ ಗೊತ್ತಿದ್ದದ್ದನ್ನು ಉಳಿದವರ ಕಣ್ಣಿಗೂ ಕೊಟ್ಟದ್ದು ಫೂಕೋನ ಸಾಧನೆ. ಅದೇ ವರ್ಷ ಯುರೋಪ್, ಅಮೆರಿಕಗಳ ಚರ್ಚುಗಳಲ್ಲಿ, ಸಭಾಭವನಗಳಲ್ಲಿ ಲೋಲಕಗಳು ತೂಗತೊಡಗಿದವು. ರಿಯೋ ಡಿ ಜನೈರೋದಲ್ಲಿ, ನಮ್ಮ ಪಕ್ಕದ ಸಿಲೋನಿನಲ್ಲಿ ಸಹ ಪ್ರಯೋಗ ನಡೆಯಿತು.

ಈ ಕಥೆಯನ್ನು ವಿಜ್ಞಾನದ ಜಯ, ಮೌಢ್ಯದ ಸೋಲು ಎಂದು ಹೇಳಿ ಮುಗಿಸಲು ನನಗೂ ಮೊದಲು ಆಸೆಯಿತ್ತು. ಕಡತಗಳು ಬಿಡಲಿಲ್ಲ. ಪಾಂಥೆಯಾನ್ ಮೂಲತಃ ಚರ್ಚಾಗಿ ಕಟ್ಟಿದ್ದು. 1791ರ ಕ್ರಾಂತಿಯ ಸರ್ಕಾರ ಅದನ್ನು ಮಹಾಪುರುಷರ ಸಮಾಧಿ ಮಂದಿರ ಮಾಡಿತು. ಆಮೇಲೆ ಆಳುವವರು ಬದಲಾದಾಗಲೆಲ್ಲ ಚರ್ಚ್, ಸ್ಮಾರಕ, ಮತ್ತೆ ಚರ್ಚ್ ಎಂದು ಬದಲಾಗುತ್ತಿತ್ತು. ಲೋಲಕಕ್ಕೆ ಅಲ್ಲಿ ಜಾಗ ಕೊಡಿಸಿದ ಅದೇ ಲೂಯಿ ನೆಪೋಲಿಯನ್ 1851ರ ಡಿಸೆಂಬರ್ 2ರಂದು ಗಣರಾಜ್ಯವನ್ನೇ ಬುಡಮೇಲು ಮಾಡಿದ. ನಾಲ್ಕೇ ದಿನಗಳಲ್ಲಿ ಪಾಂಥೆಯಾನನ್ನು ಮತ್ತೆ ಚರ್ಚಿಗೆ ಒಪ್ಪಿಸುವ ಆಜ್ಞೆ ಹೊರಟಿತು. ಲೋಲಕ ಹೋಯಿತು. ಮರುವರ್ಷ ಅವನು ಚಕ್ರವರ್ತಿಯಾದ. ಆ ಚಕ್ರವರ್ತಿಯ ಆಶ್ರಯದಲ್ಲೇ 1855ರಲ್ಲಿ ಫೂಕೋನಿಗೆ ವೀಕ್ಷಣಾಲಯದಲ್ಲಿ ಕೆಲಸ ಸಿಕ್ಕಿತು. ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಆರಿಸಿದ್ದು 1865ರಲ್ಲಿ. ಮೂರು ವರ್ಷಕ್ಕೆ, ನಲವತ್ತೆಂಟನೆಯ ವಯಸ್ಸಿನಲ್ಲಿ, ತೀರಿಕೊಂಡ.

ಇನ್ನೊಂದು ಕಡೆ, ಗಲೀಲಿಯೋನ ವಿಚಾರಣೆ ನಡೆದ ರೋಮಿನಲ್ಲೇ, ಸಂತ ಇಗ್ನೇಷಿಯಸ್ಸನ ಚರ್ಚಿನೊಳಗೆ, 1851ರಲ್ಲಿ ಲೋಲಕ ತೂಗಿಬಿಟ್ಟವರು ಆಂಜೆಲೋ ಸೆಕ್ಕಿ ಎಂಬ ಜೆಸ್ಯೂಯಿಟ್ ಪಾದ್ರಿ. ಎಂಬತ್ತು ವರ್ಷಗಳ ನಂತರ ಲೆನಿನ್‌ಗ್ರಾಡಿನಲ್ಲಿ ಸೋವಿಯತ್ ಸರ್ಕಾರ ಸಂತ ಐಸಾಕನ ಕೆಥೆಡ್ರಲನ್ನು ಧರ್ಮವಿರೋಧಿ ವಸ್ತುಸಂಗ್ರಹಾಲಯವಾಗಿಸಿ, ಗುಮ್ಮಟದ ಬೆಳ್ಳಿ ಪಾರಿವಾಳ ಇದ್ದ ಜಾಗದಿಂದ ತೊಂಬತ್ತು ಮೀಟರಿಗೂ ಉದ್ದದ ಲೋಲಕ ಇಳಿಬಿಟ್ಟಿತು. ಆರಂಭಕ್ಕೆ ಆರಿಸಿಕೊಂಡ ದಿನ 1931ರ ಏಪ್ರಿಲ್ 12, ಆರ್ಥೊಡಾಕ್ಸ್ ಕ್ರೈಸ್ತರ ಈಸ್ಟರ್. 1986ರಲ್ಲಿ ಆ ಲೋಲಕವನ್ನೂ ಬಿಚ್ಚಿದರು. ದೆಹಲಿಯ ಹೊಸ ಸಂಸತ್ ಭವನದ ಸಂವಿಧಾನ ಸಭಾಂಗಣದಲ್ಲಿ 2023ರಿಂದ 22 ಮೀಟರ್ ಎತ್ತರದಿಂದ 36 ಕಿಲೋ ತೂಕದ ಲೋಲಕವೊಂದು ತೂಗುತ್ತಿದೆ. ಅದರ ಒಂದು ಸುತ್ತಿಗೆ ಸುಮಾರು ಐವತ್ತು ಗಂಟೆ. ಪಾದ್ರಿಗೂ ಪಕ್ಷಕ್ಕೂ ಪಾರ್ಲಿಮೆಂಟಿಗೂ ಲೋಲಕ ಒಂದೇ ನಿಯಮದಂತೆ ಸರಿಯುತ್ತದೆ. ಅದರ ಕೆಳಗೆ ಯಾವ ಅರ್ಥ ಬರೆಯಬೇಕೆಂಬುದನ್ನು ಜಾಗದ ಒಡೆಯರು ನಿರ್ಧರಿಸುತ್ತಾರೆ.

ಇಷ್ಟನ್ನೂ ಬರೆದು ನನ್ನ ಅಧ್ಯಾಯ ಮುಗಿಯಿತು ಎಂದುಕೊಂಡಿದ್ದಾಗ ನಮ್ಮೂರಿನ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಫೋನ್ ಮಾಡಿದರು. "ವಿಜ್ಞಾನ ದಿನಕ್ಕೆ ಬಾರಮ್ಮ. ಬರೀ ಭಾಷಣ ಬೇಡ, ಮಕ್ಕಳಿಗೆ ಏನಾದ್ರೂ ತೋರಿಸು." ಪುಣೆಯ ಐಯುಕಾ ಸಂಸ್ಥೆಯ ಲೋಲಕದ ಮುಂದೆ ಒಂದಿಡೀ ಮಧ್ಯಾಹ್ನ ನಿಂತು ನೋಡಿದ್ದ ನನಗೆ ಧೈರ್ಯ ಬಂದಿತ್ತು. ಶಾಲೆಯ ಮೂರಂತಸ್ತಿನ ಹೊಸ ಕಟ್ಟಡದಲ್ಲಿ ಮೆಟ್ಟಿಲುಗಳ ನಡುವೆ ಅಗಲವಾದ ಖಾಲಿ ಜಾಗವಿತ್ತು. ಮೇಲಿನ ಕಬ್ಬಿಣದ ತೊಲೆಯಿಂದ ಒಂಬತ್ತು ಮೀಟರ್ ಉಕ್ಕಿನ ತಂತಿ ಇಳಿಬಿಟ್ಟೆವು. ಪಿ.ಟಿ. ಮೇಷ್ಟ್ರು ಐದು ಕಿಲೋದ ಷಾಟ್‌ಪುಟ್ ಗುಂಡು ಕೊಟ್ಟರು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಅದಕ್ಕೆ ಕೊಂಡಿ ಹಾಕಿಸಿದೆವು. ಫೂಕೋನ ನೆಲಮಾಳಿಗೆಯ ಗುಂಡಿನದೂ ಅಷ್ಟೇ ತೂಕ ಎಂದು ನಾನು ಒಳಗೊಳಗೇ ಹಿಗ್ಗಿದ್ದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಡಿಗ್ರಿಗಳ ವೃತ್ತ. ನಮ್ಮ ಗೋಳಾರ್ಧದಲ್ಲಿ ಲೋಲಕ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸರಿಯುತ್ತದೆ, ನಮ್ಮೂರಿನಲ್ಲಿ ಗಂಟೆಗೆ ಮೂರೂವರೆ ಡಿಗ್ರಿಯ ಹತ್ತಿರ, ಎಂದು ಮೊದಲೇ ಹೇಳಿಬಿಟ್ಟಿದ್ದೆ.

ಗುಂಡನ್ನು ಅರವತ್ತು ಸೆಂಟಿಮೀಟರ್ ಎಳೆದು ಕೈಬಿಟ್ಟೆ. ಆರು ಸೆಕೆಂಡಿಗೊಮ್ಮೆ ಅದು ಹೋಗಿ ಬರುತ್ತಿತ್ತು. ಅರ್ಧ ಗಂಟೆಯಲ್ಲಿ ಗೆರೆಯಿಂದ ನಾಲ್ಕೈದು ಡಿಗ್ರಿ ಸರಿದಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು, ಹೆಡ್‌ಮಾಸ್ಟರು ಫೋಟೋ ತೆಗೆದರು. ಆಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೈಯೆತ್ತಿದಳು. "ಅಕ್ಕಾ, ನೀವು ಗಡಿಯಾರದ ಮುಳ್ಳಿನ ಹಾಗೆ ಅಂದ್ರಿ. ಇದು ಉಲ್ಟಾ ಹೋಗಿದೆ."

ಹೌದು, ಉಲ್ಟಾ ಹೋಗಿತ್ತು. ಚಪ್ಪಾಳೆಯ ಸದ್ದಿನಲ್ಲಿ ನಾನು ಅದನ್ನು ನೋಡಿಯೂ ನೋಡದಂತಿದ್ದೆ. "ಇಲ್ಲಮ್ಮ, ನೀನು ನಿಂತಿರೋ ಕಡೆಯಿಂದ ನೋಡಿದ್ರೆ..." ಎಂದು ನನ್ನ ಬಾಯಿಂದ ಮಾತು ಹೊರಟೇಬಿಟ್ಟಿತು. ಆ ವಾಕ್ಯಕ್ಕೆ ಅಂತ್ಯವಿರಲಿಲ್ಲ, ಏಕೆಂದರೆ ಅದು ಸುಳ್ಳು. ಎರಡು ವರ್ಷ ಸಾರ್ವಜನಿಕ ಸಾಕ್ಷ್ಯದ ಬಗ್ಗೆ ಓದಿದವಳು, ಎಂಬತ್ತು ಮಕ್ಕಳ ಮುಂದೆ ಮಾನ ಉಳಿಸಿಕೊಳ್ಳಲು ಹದಿಮೂರು ವರ್ಷದ ಹುಡುಗಿಯ ಕಣ್ಣನ್ನೇ ತಪ್ಪೆನ್ನಲು ಹೊರಟಿದ್ದೆ. ಮೇಷ್ಟ್ರು ಏನೂ ಹೇಳಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಕೊನೆಗೆ, "ನೀನು ಹೇಳಿದ್ದು ಸರಿ. ಪ್ರಯೋಗ ತಪ್ಪಾಗಿದೆ. ಯಾಕೆ ಅಂತ ನೋಡೋಣ" ಎಂದೆ.

ಯಾಕೆ ಎಂಬುದು ನನಗೆ ಓದಿ ಗೊತ್ತಿತ್ತು. ಕೈಯಿಂದ ಬಿಟ್ಟಾಗ ಗುಂಡಿಗೆ ಪಕ್ಕಕ್ಕೆ ಸಣ್ಣ ತಳ್ಳು ಸಿಗುತ್ತದೆ. ಅದು ನೇರ ಗೆರೆಯಲ್ಲಿ ತೂಗದೆ ತೆಳ್ಳನೆಯ ದೀರ್ಘವೃತ್ತದಲ್ಲಿ ಸುತ್ತತೊಡಗುತ್ತದೆ. ಅಂಥ ದೀರ್ಘವೃತ್ತ, ಭೂಮಿ ನಿಂತೇ ಇದ್ದರೂ, ತಾನು ಸುತ್ತುವ ದಿಕ್ಕಿನಲ್ಲಿ ತಾನೇ ಹೊರಳುತ್ತದೆ. ಬ್ರಿಟಿಷ್ ಖಗೋಳಜ್ಞ ಏರಿ ಇದನ್ನು 1851ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಅದೇ ಲೆಕ್ಕವನ್ನು ನಮ್ಮ ಲೋಲಕಕ್ಕೆ ಹಾಕಿದರೆ, ಗುಂಡು ನಡುಗೆರೆಯಿಂದ ಕೇವಲ ಅರ್ಧ ಸೆಂಟಿಮೀಟರ್ ಪಕ್ಕಕ್ಕೆ ಹೋದರೂ ಗಂಟೆಗೆ ಮೂರು ಡಿಗ್ರಿ ಹೊರಳುತ್ತದೆ. ನಮ್ಮೂರಿನಲ್ಲಿ ಇಡೀ ಭೂಮಿ ಮಾಡುವ ಕೆಲಸಕ್ಕೆ ಹತ್ತಿರ ಹತ್ತಿರ ಸಮ. ನಮ್ಮದು ಎರಡು ಸೆಂಟಿಮೀಟರಾದರೂ ಹೋಗಿತ್ತು. ಪ್ಯಾರಿಸ್ಸಿನಲ್ಲಿ ಅಷ್ಟು ಉದ್ದದ ತಂತಿ ಕೇವಲ ವೈಭವಕ್ಕಲ್ಲ. ಉದ್ದ ಹೆಚ್ಚಿದಷ್ಟೂ ಈ ದೋಷ ಕುಗ್ಗುತ್ತದೆ. ಅಲ್ಲಿ ಗುಂಡನ್ನು ಕೈಯಿಂದ ಬಿಡುತ್ತಲೂ ಇರಲಿಲ್ಲ. ದಾರದಲ್ಲಿ ಪಕ್ಕಕ್ಕೆ ಎಳೆದು ಕಟ್ಟಿ, ಅಲುಗಾಟ ಪೂರ್ತಿ ನಿಂತ ಮೇಲೆ ದಾರವನ್ನು ಸುಡುತ್ತಿದ್ದರು. ಇದನ್ನು ನಾನು ನನ್ನ ಅಧ್ಯಾಯದಲ್ಲಿ ಚಂದದ ವಿವರವೆಂದು ಬರೆದಿದ್ದೆ. ಅದು ಚಂದಕ್ಕಿದ್ದದ್ದಲ್ಲ ಎಂದು ಆ ದಿನ ಅರ್ಥವಾಯಿತು.

ತೂಗುಹಾಕಿದ ಜಾಗ ಎಲ್ಲ ದಿಕ್ಕಿಗೂ ಸಮನಾಗಿ ಬಿಗಿ ಇರದಿದ್ದರೂ ಇದೇ ತೊಂದರೆ. ಡಚ್ ವಿಜ್ಞಾನಿ ಕಾಮರ್ಲಿಂಗ್ ಓನ್ಸ್, ಮುಂದೆ ಹೀಲಿಯಂ ಅನಿಲವನ್ನು ದ್ರವವಾಗಿಸಿ ನೊಬೆಲ್ ಪಡೆದವನು, 1879ರಲ್ಲಿ ತನ್ನ ಡಾಕ್ಟರೇಟ್ ಪ್ರಬಂಧವನ್ನು ಬರೆದದ್ದು ಭೂಮಿಯ ತಿರುಗುವಿಕೆಯನ್ನು ಲೋಲಕದಿಂದ ಸಾಧಿಸುವ ಬಗ್ಗೆಯೇ. ಇಂದಿನ ವಸ್ತುಸಂಗ್ರಹಾಲಯಗಳ ಲೋಲಕಗಳಲ್ಲಿ ಗಾಳಿಯ ತಡೆಗೆ ತೂಗಾಟ ನಿಲ್ಲದಂತೆ ನೋಡಿಕೊಳ್ಳಲು ವಿದ್ಯುತ್ಕಾಂತ, ದೀರ್ಘವೃತ್ತವನ್ನು ಹತ್ತಿಕ್ಕಲು ಮೇಲ್ತುದಿಯಲ್ಲಿ ಉಂಗುರ ಇರುವುದುಂಟು. ಅದು ಮೋಸವಲ್ಲ, ಸಮತಲ ಯಾವ ಕಡೆ ಸರಿಯಬೇಕೆಂದು ಅವು ಹೇಳಿಕೊಡುವುದಿಲ್ಲ. ಆದರೆ ಕಡ್ಡಿಯೊಂದು ಟಕ್ಕೆಂದು ಬಿದ್ದಾಗ ನಾವು ತಟ್ಟುವ ಚಪ್ಪಾಳೆಯ ಹಿಂದೆ ಇಷ್ಟೊಂದು ಕಾಣದ ಎಚ್ಚರ ಇದೆ. ಕಾದಿದ್ದೇ ಕಂಡಿತು ಎಂದು ಚಪ್ಪಾಳೆ ತಟ್ಟುವುದಕ್ಕೂ ಕಂಡದ್ದು ಅದೇನಾ ಎಂದು ಪರೀಕ್ಷಿಸುವುದಕ್ಕೂ ಇರುವ ಅಂತರವನ್ನು ಆ ಸಭೆಯಲ್ಲಿ ಕಾಪಾಡಿದ್ದು ನಾನಲ್ಲ, ಆ ಹುಡುಗಿ.

ಊಟದ ನಂತರ ಮತ್ತೆ ಶುರು ಮಾಡಿದೆವು. ಗುಂಡನ್ನು ಹೂ ಕಟ್ಟುವ ದಾರದಿಂದ ಕಿಟಕಿಯ ಸರಳಿಗೆ ಎಳೆದು ಕಟ್ಟಿದೆವು. ಮೆಟ್ಟಿಲ ಮೇಲೆ ಯಾರೂ ಓಡಾಡದಂತೆ ಮೇಷ್ಟ್ರು ಕಾವಲು ನಿಂತರು. ಅಲುಗಾಟ ನಿಲ್ಲಲು ಹತ್ತು ನಿಮಿಷ ಕಾದು, ಮೇಷ್ಟ್ರು ಬೆಂಕಿಕಡ್ಡಿ ಗೀರಿ ದಾರಕ್ಕೆ ಹಿಡಿದರು. ಒಂದು ಗಂಟೆ. ಅಷ್ಟರಲ್ಲಿ ಗಂಟೆ ಹೊಡೆದು ಹೆಚ್ಚಿನ ಮಕ್ಕಳು ಬಸ್ಸಿಗೆ ಹೋದರು. ಉಳಿದವರು ಹದಿನೈದೋ ಹದಿನಾರೋ ಮಂದಿ. ಈ ಸಲ ಗುಂಡು ಗಡಿಯಾರದ ಮುಳ್ಳಿನ ದಿಕ್ಕಿಗೇ ಸರಿದಿತ್ತು, ಕೋನಮಾಪಕದಲ್ಲಿ ಮೂರು ಡಿಗ್ರಿಯ ಆಸುಪಾಸು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ನೆಲಕ್ಕೆ ಬಗ್ಗಿ ಗೆರೆ ನೋಡುತ್ತಿದ್ದರು.

ನಮ್ಮ ಅಳತೆಯಲ್ಲೇ ಒಂದು ಡಿಗ್ರಿ ಆಚೀಚೆ ಇರಬಹುದು, ಒಂದು ಸಲದ ಪ್ರಯೋಗದಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ, ಇನ್ನೂ ಹತ್ತು ಸಲ ಮಾಡಬೇಕು ಎಂದು ನಾನು ಹೇಳಿದೆ. ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. "ಬೆಳಗ್ಗೆದೂ ಬರೀಬೇಕಾ ಅಕ್ಕಾ?" ಎಂದು ಕೇಳಿದಳು. ಬರಿ ಎಂದೆ. ಅವಳು ಎರಡು ಸಾಲು ಹಾಕಿದಳು: ಒಂದು ಉಲ್ಟಾ, ಒಂದು ಸರಿ, ಪಕ್ಕದಲ್ಲಿ, ಕೈಯಿಂದ ಬಿಟ್ಟದ್ದು, ದಾರ ಸುಟ್ಟದ್ದು. ಕೆಳಗೆ ಇನ್ನೂ ಒಂಬತ್ತು ಸಾಲುಗಳಿಗೆ ಸ್ಕೇಲಿಟ್ಟು ಗೆರೆ ಎಳೆದಳು.

ಗುಂಡು ಮತ್ತು ತಂತಿಯನ್ನು ಶಾಲೆಯಲ್ಲೇ ಬಿಟ್ಟು ಬಂದಿದ್ದೇನೆ.